ಹಲ್ಲಿಗೆ ಸಿಗದ ಹೂ

ಜುಲೈ ೬

ಸೊಸೆಯೇ,

ಮೊದಲು ಪೊಟ್ಟಣ ಬಿಚ್ಚಿ ಹುಲ್ಲಿಗೆ ಗಾಳಿ ತೋರಿಸು, ಆಮೇಲೆ ಈ ಕಾಗದ ಓದು. ಹುಲ್ಲಿಗೆ ಬೂಷ್ಟು ಹಿಡಿಯುತ್ತದೆ, ನನ್ನ ಮಾತಿಗೆ ಹಿಡಿಯುವುದಿಲ್ಲ. ಗಿಡಗಳ ನಡುವೆ ಹಳೇ ಪೇಪರು ಇಟ್ಟಿದ್ದೇನೆ. ಅದನ್ನು ಓದುತ್ತಾ ಕೂತುಬಿಡಬೇಡ, ಎಲ್ಲ ಹೋದ ವರ್ಷದ ಸುದ್ದಿ.

ಕೋಣೆ ಸಿಕ್ಕಿತು. ಹೊಲಿಗೆ ಅಂಗಡಿಯ ಮೇಲಿನ ಮಹಡಿ. ಕಿಟಕಿ ತೆರೆದರೆ ಗಣಿಯ ಧೂಳು, ಮುಚ್ಚಿದರೆ ಹೊಲಿಗೆ ಯಂತ್ರದ ಸದ್ದು. ಮಧ್ಯಾಹ್ನ ಗಣಿಯಲ್ಲಿ ಸಿಡಿಮದ್ದು ಹಾರಿಸಿದಾಗ ನನ್ನ ಚಹಾದ ಲೋಟ ಮೇಜಿನ ಮೇಲೆ ತಾನೇ ಒಂದು ಗೇಣು ನಡೆದುಹೋಗುತ್ತದೆ. ಫೋನು ಸಿಗುವುದು ಗಣಿಯ ಗೇಟಿನ ಹತ್ತಿರ ಮಾತ್ರ. ಅಲ್ಲಿನ ಕಾವಲುಗಾರನಿಗೆ ಸೀಟಿ ಎಂದು ಹೆಸರಿಟ್ಟಿದ್ದೇನೆ, ಸದಾ ಸೀಟಿ ಊದುತ್ತಿರುತ್ತಾನೆ. ನಾನು ಫೋನು ಕಿವಿಗಿಟ್ಟ ಕೂಡಲೇ ಅವನ ಕಿವಿ ನನ್ನ ಭುಜದ ಮೇಲೆ ಬಂದು ಕೂರುತ್ತದೆ. ಹಾಗಾಗಿ ಕಾಗದವೇ ಗತಿ. ಹೇಗೂ ಹುಲ್ಲಿನ ಪೊಟ್ಟಣ ಕಳಿಸಲೇಬೇಕು. ಎಲ್ಲವನ್ನೂ ಮನೆಗೇ ಕಳಿಸುತ್ತೇನೆ, ನನ್ನನ್ನು ಗಿಡ ಎಣಿಸಲು ಇಲ್ಲಿಗೆ ಕಳಿಸಿದ ನಿಮ್ಮ ಸಾಹೇಬರ ಆಫೀಸಿಗಲ್ಲ. ಅಂಗಿಯ ಮಡಿಕೆ ಕೆಡದ ಆತನಿಗೂ ಇಸ್ತ್ರಿ ಎಂದು ಹೆಸರಿಟ್ಟಿದ್ದೇನೆ.

ಇನ್ನು ಹುಲ್ಲುಗಾವಲು. ಅಯ್ಯೋ, ಏನು ಹೇಳಲಿ! ಗಣಿಯ ಬೆನ್ನಿಗೇ ಅಂಟಿಕೊಂಡಿದೆ. ತಲೆತಲಾಂತರದಿಂದ ಉತ್ತಿಲ್ಲ, ಬಿತ್ತಿಲ್ಲ, ಮೇಯಿಸಿದ್ದಷ್ಟೇ. ದೂರದಿಂದ ನೋಡಿದರೆ ಬೋಳುತಲೆಯ ಹಾಗೆ ಕಾಣುತ್ತದೆ. ಮೀಟರ್ ಅಗಲ, ಮೀಟರ್ ಉದ್ದದ ನನ್ನ ಮರದ ಚೌಕಟ್ಟನ್ನು ನೆಲದ ಮೇಲಿಟ್ಟು, ಅದರೊಳಗೆ ಬೇರೂರಿದ ಒಂದೊಂದು ಬಗೆಯನ್ನೂ ಎಣಿಸಿದೆ. ಮೂವತ್ತೊಂದು. ಒಂದೇ ಚೌಕದಲ್ಲಿ, ಸೊಸೆಯೇ! ಮೂವತ್ತು ವರ್ಷ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪಾಠ ಹೇಳಿದ್ದೇನೆ, ಇಂಥದ್ದನ್ನು ಪುಸ್ತಕದಲ್ಲೇ ನೋಡಿದ್ದು.

ಆದರೆ ಎಲ್ಲವೂ ಕುರಿ ಕಚ್ಚಿದ ಮೊಂಡು ಗಿಡಗಳು. ಹೂವಿಲ್ಲದೆ ಅರ್ಧಕ್ಕರ್ಧ ಹುಲ್ಲಿಗೆ ಹೆಸರು ಹೇಳಲಾಗುವುದಿಲ್ಲ. ಹೆಸರಿಲ್ಲದ ಗಿಡವನ್ನು ವರದಿಯಲ್ಲಿ ಯಾರು ಲೆಕ್ಕಕ್ಕಿಡುತ್ತಾರೆ? ಈ ನೆಲದಲ್ಲಿ ಉಳಿಸುವಂಥದ್ದೇನೂ ಇಲ್ಲ ಎಂದು ಗಣಿಯವರು ದುಡ್ಡು ಕೊಟ್ಟು ನಿಮ್ಮ ಆಫೀಸಿನಿಂದ ಮಾಡಿಸುತ್ತಿರುವ ಈ ವರದಿ ಹೇಳಿದರೆ ಸಾಕು, ಅವರು ಅಗೆದು ತೆಗೆದ ಕಲ್ಲುಮಣ್ಣನ್ನೆಲ್ಲ ಇದರ ಮೇಲೆ ಸುರಿಯುತ್ತಾರೆ. ಆಗಲೇ ಕೆಂಪು ಬಾವುಟ ನೆಟ್ಟು ಗಡಿ ಗುರುತು ಮಾಡಿಯಾಗಿದೆ. ಅದಕ್ಕೆ ನಾನು ಮ್ಯಾನೇಜರ ಮುಂದೆ ಹೋಗಿ ನಿಂತೆ. ನಾನು ಎಣಿಸುವ ಜಾಗಕ್ಕೆಲ್ಲ ತಂತಿ ಬೇಲಿ ಹಾಕಿಸಿಕೊಡಿ, ದನ ಕುರಿ ಒಳಗೆ ಬರಕೂಡದು, ಗಿಡಗಳು ಹೂ ಬಿಡಬೇಕು ಎಂದೆ. ಜಗಳಕ್ಕೆ ಸೊಂಟ ಕಟ್ಟಿಕೊಂಡೇ ಹೋಗಿದ್ದೆ. ಆತ ತುಟಿಪಿಟಕ್ಕೆನ್ನದೆ ಒಪ್ಪಿ, ಮರುದಿನವೇ ತಂತಿ, ಗೂಟ, ಆಳು ಎಲ್ಲ ಕಳಿಸಿದ. ನೋಡಿದೆಯಾ ನಿನ್ನ ಅತ್ತೆಯ ಗತ್ತು?

ಬೈದವಳು ಒಬ್ಬಳೇ, ಇಲ್ಲಿ ಕುರಿ ಮೇಯಿಸುವ ಹೆಂಗಸು. ಅವಳ ಗಂಟಲು ಗಣಿಯ ಸಿಡಿಮದ್ದಿಗಿಂತ ಜೋರು, ಊರೆಲ್ಲ ಜೋರಮ್ಮ ಅಂತಲೇ ಕರೆಯುತ್ತದೆ. "ಗಣಿಯವ್ರು ಆ ಕಡೆಯಿಂದ ತಿಂದ್ರು, ನೀವು ಈ ಕಡೆಯಿಂದ ಬೇಲಿ ಹಾಕಿ, ನನ್ ಕುರಿ ಏನ್ ನಿಮ್ ತಲೆ ತಿನ್ಬೇಕಾ?" ಎಂದಳು. ನಾಲ್ಕು ತಿಂಗಳು ತಡ್ಕೊಳಮ್ಮಾ, ನಿನ್ನ ನೆಲ ಉಳಿಸೋಕೇ ಬಂದಿರೋದು ಅಂದೆ. ಮುಖ ತಿರುಗಿಸಿಕೊಂಡು ಹೋದಳು.

ನನ್ನ ಮಗ, ಆ ಹಲ್ಲು ಕೀಳುವ ಡಾಕ್ಟರು, ಊಟ ಸರಿಯಾಗಿ ಮಾಡುತ್ತಿದ್ದಾನಾ?

ನಿನ್ನ ಅತ್ತೆ


ಜುಲೈ ೧೫

ಅತ್ತೆಯವರಿಗೆ ಕೈಮುಗಿದು, ನಗುತ್ತಾ,

ಪೊಟ್ಟಣ ಮೊದಲು, ಕಾಗದ ಆಮೇಲೆ. ಹೇಳಿದ ಹಾಗೇ ಮಾಡಿದೆ. ಊಟದ ಮೇಜಿನ ತುಂಬ ನಿಮ್ಮ ಹುಲ್ಲು ಹರಡಿದೆ, ನಾವಿಬ್ಬರೂ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಣ್ಣುತ್ತಿದ್ದೇವೆ. ಹಲ್ಲು ಡಾಕ್ಟರು ನಿನ್ನೆ ಒಂದು ಕಡ್ಡಿ ಎತ್ತಿ ಹಲ್ಲು ಚುಚ್ಚಿಕೊಳ್ಳಲು ಹೋದರು. ಕೈಗೆ ಒಂದು ಏಟು ಕೊಟ್ಟೆ. ನಿಮ್ಮ ಪರವಾಗಿ.

ಬೇಲಿಯ ವಿಷಯ ಸಾಹೇಬರಿಗೆ ಹೇಳಿದೆ. ಗಾಜಿನ ಕೋಣೆಯಲ್ಲಿ ಕೂತು ನಕ್ಕರು. "ಒಳ್ಳೇದಾಯ್ತು, ಬಹಳ ಒಳ್ಳೇದಾಯ್ತು" ಎಂದರು. ಅವರು ನಗುವುದೇ ಅಪರೂಪ. ಆಫೀಸಿನಲ್ಲಿ ನಕ್ಷೆ, ಕೋಷ್ಟಕಗಳೆಲ್ಲ ನನ್ನ ಕೈಯಲ್ಲೇ ಇವೆ. ನಿಮ್ಮ ಅಂಕಿಗಳನ್ನು ಬೇರೆ ಯಾರೂ ಮುಟ್ಟುವುದಿಲ್ಲ, ನಿಶ್ಚಿಂತೆಯಿಂದಿರಿ. ಮೊದಲ ಎಣಿಕೆಯನ್ನು ಮಾತ್ರ, ಹೂವಿಲ್ಲದೆ ಹೆಸರು ಖಚಿತವಾಗಿಲ್ಲ ಎಂದು, ಸದ್ಯಕ್ಕೆ ಪಕ್ಕಕ್ಕಿಡಲು ಹೇಳಿದ್ದಾರೆ. ನೀವೇ ಹಾಗಂದಿದ್ದಿರಲ್ಲ, ಸರಿ ಎಂದೆ.

ಮಂಡಿಗೆ ಎಣ್ಣೆ ಹಚ್ಚಿಕೊಳ್ಳಿ. ಹುಲ್ಲಿನ ಮುಂದೆ ಮಂಡಿ ಯಾವ ಲೆಕ್ಕ ಎನ್ನಬೇಡಿ.

ನಿಮ್ಮ ಸೊಸೆ


ಆಗಸ್ಟ್ ೧೪

ಸೊಸೆಯೇ,

ಬೇಲಿಯೊಳಗಿನ ಚೆಲುವು ನೀನು ನೋಡಬೇಕು! ಮೊಣಕಾಲೆತ್ತರ ಹುಲ್ಲು, ಗಾಳಿ ಬೀಸಿದರೆ ಇಡೀ ಗಾವಲು ಹೊರಳುತ್ತದೆ. ಬೇಲಿಯ ಹೊರಗೆ ಅದೇ ಬೋಳುತಲೆ, ಅದರ ಮೇಲೆ ಜೋರಮ್ಮನ ಕುರಿಗಳು. ತೆನೆ ಬಂದ ಹುಲ್ಲುಗಳಿಗೆಲ್ಲ ಹೆಸರು ಸಿಕ್ಕಿತು, ಎಲ್ಲವನ್ನೂ ಒತ್ತಿ ಕಳಿಸಿದ್ದೇನೆ.

ಒಂದೇ ಒಂದು ಕಿರಿಕಿರಿ. ಅದೇ ಜಾಗದಲ್ಲಿ ಚೌಕಟ್ಟು ಇಟ್ಟೆ, ಈ ಸಲ ಇಪ್ಪತ್ತೆರಡೇ ಸಿಕ್ಕವು. ಮಳೆ ಹೆಚ್ಚಾಯಿತೋ, ಗಣಿಯ ಧೂಳು ಕೂತಿತೋ ಗೊತ್ತಿಲ್ಲ. ಧೂಳೇ ಇರಬೇಕು. ಮ್ಯಾನೇಜರನಿಗೆ ಹೇಳಿದೆ: "ನೋಡಿ, ನಿಮ್ಮ ಧೂಳಿಗೆ ಗಿಡ ಸಾಯ್ತಿದೆ, ಇದನ್ನೂ ಬರೀತೀನಿ." ಆತ ಚಹಾ ತರಿಸಿಕೊಟ್ಟ. ಚಹಾ ಚೆನ್ನಾಗಿತ್ತು, ಅದೇ ಬೇಜಾರು.

ಜೋರಮ್ಮ ಮಾತು ಬಿಟ್ಟಿದ್ದಾಳೆ. ಅವಳ ನಾಯಿಯೂ ಬಿಟ್ಟಿದೆ.

ನಿನ್ನ ಅತ್ತೆ


ಆಗಸ್ಟ್ ೨೨

ಅತ್ತೆಗೆ,

ಇದರ ಜೊತೆ ಒಂದು ಡಬ್ಬಿ ಇದೆ. ಒಳಗೆ ಕನ್ನಡಕ. ಕಣ್ಣಿನ ಡಾಕ್ಟರು ಬರೆದುಕೊಟ್ಟ ನಿಮ್ಮ ಹಳೇ ಚೀಟಿ ಕಪಾಟಿನಲ್ಲಿತ್ತು, ಅದೇ ಅಳತೆಗಿಂತ ಒಂಚೂರು ಹೆಚ್ಚು ಮಾಡಿಸಿದ್ದೇನೆ. ಸಣ್ಣ ಗಿಡ ಎಣಿಸುವ ಕೆಲಸ, ಇರಲಿ ಎಂದು. ದಯವಿಟ್ಟು ಹಾಕಿಕೊಂಡೇ ಎಣಿಸಿ. ಚೌಕಟ್ಟು ಇಡುವಾಗ ಮೂಗಿನ ಮೇಲೆ ಕನ್ನಡಕ ಇರುವುದನ್ನು ಗಣಿಯವರೂ ನೋಡಲಿ.

ಇಲ್ಲಿ ಎಲ್ಲ ಕ್ಷೇಮ. ಹಲ್ಲು ಡಾಕ್ಟರಿಗೆ ನೆಗಡಿ.

ನಿಮ್ಮ ಸೊಸೆ


ಆಗಸ್ಟ್ ೩೦

ಸೊಸೆಯೇ,

ಕನ್ನಡಕ ವಾಪಸು ಕಳಿಸಿದ್ದೇನೆ. ಹತ್ತಿಯಲ್ಲಿ ಸುತ್ತಿದ್ದೇನೆ, ಗಾಜು ಒಡೆದಿಲ್ಲ. ಒಡೆಯಬೇಕೆನ್ನಿಸಿತ್ತು.

ಎಷ್ಟು ಜಾಣತನದಿಂದ ಹೇಳಿದ್ದೀಯೇ! "ಇರಲಿ ಎಂದು." ನೇರವಾಗಿ ಬರಿ, ಮುದುಕಿಗೆ ಕಣ್ಣು ಕಾಣುತ್ತಿಲ್ಲ, ಅದಕ್ಕೇ ಗಿಡ ಕಡಿಮೆ ಸಿಗುತ್ತಿವೆ ಅಂತ. ಗಣಿಯವರೂ ನೋಡಲಿ ಅಂತೆ! ಏನನ್ನು ನೋಡಬೇಕು, ನನ್ನ ಕುರುಡನ್ನೋ? ಹುಲ್ಲಿನ ತೆನೆಯ ಮೇಲಿನ ಕೂದಲನ್ನು ಬರಿಗಣ್ಣಿನಲ್ಲಿ ಎಣಿಸಿದವಳು ನಾನು. ನಿನ್ನ ಮದುವೆಯ ಸೀರೆಯಲ್ಲಿ ಒಂದು ಎಳೆ ಹರಿದದ್ದನ್ನು ಬಾಗಿಲಲ್ಲಿ ನಿಂತೇ ನೋಡಿದವಳು ಯಾರು? ಆಗ ನಿನಗೆ ನನ್ನ ಕಣ್ಣು ಬಹಳ ಚುರುಕು ಅನ್ನಿಸಿತ್ತಲ್ಲ?

ಅಂಕಿ ಬರೆದುಕೋ. ಈ ಸಲ ಹದಿಮೂರು. ಹೌದು, ಹದಿಮೂರೇ. ಎರಡು ಸಲ ಎಣಿಸಿದೆ. ಕಣ್ಣಿಂದಲೇ ಎಣಿಸಿದೆ.

ಅತ್ತೆ


ಸೆಪ್ಟೆಂಬರ್ ೧೨

ಸೊಸೆಯೇ,

ನಿನ್ನಿಂದ ಉತ್ತರವಿಲ್ಲ. ಮುಖ ಊದಿಸಿಕೊಂಡಿದ್ದೀಯ. ಊದಿಸಿಕೋ, ಆದರೆ ಇದನ್ನು ಓದು. ಅಕ್ಷರ ಸೊಟ್ಟಗಿದ್ದರೆ ವಯಸ್ಸಿಗಲ್ಲ, ಸಿಟ್ಟಿಗೆ. ಯಾರ ಮೇಲೆ ಎನ್ನುತ್ತೀಯಾ? ನನ್ನ ಮೇಲೇ.

ಹೇಳಬಾರದ ವಿಷಯದಿಂದ ಶುರು ಮಾಡಬೇಕು. ನಿನ್ನೆ ಬೆಳಗ್ಗೆ ಬೇಲಿಯೊಳಗೆ ಎಣಿಸುತ್ತಿದ್ದೆ. ತುರ್ತಾಗಿ ಒಂದಕ್ಕೆ ಹೋಗಬೇಕಾಯಿತು. ಒಳಗೆ ಹುಲ್ಲು ತೊಡೆಯವರೆಗೆ ಬಂದಿದೆ, ಹಾವಿನ ಭಯ. ಬೇಲಿ ದಾಟಿ, ಬೋಳುತಲೆಯ ಮೇಲೆ, ಒಂದು ಬಂಡೆಯ ಮರೆಗೆ ಕೂತೆ. ನಗಬೇಡ. ಕೂತವಳು ನೆಲ ನೋಡದೆ ಮತ್ತೇನು ನೋಡಬೇಕು? ನೋಡಿದೆ. ನನ್ನ ಹೆಬ್ಬೆರಳ ಪಕ್ಕದಲ್ಲೇ, ಜುಲೈನಲ್ಲಿ ಎಣಿಸಿ, ಆಮೇಲೆ ಸತ್ತುಹೋಯಿತು ಅಂದುಕೊಂಡಿದ್ದ ಆ ಪುಟ್ಟ ನೀಲಿ ಗಿಡ. ಬದುಕಿತ್ತು. ಹೂ ಬಿಟ್ಟಿತ್ತು! ಎಲೆಯೆಲ್ಲ ನೆಲಕ್ಕೆ ಕಚ್ಚಿಕೊಂಡು, ಕುರಿಯ ಹಲ್ಲಿಗೆ ಸಿಗದಷ್ಟು ತಗ್ಗಿನಲ್ಲಿ ಹೂ. ಅದರ ಪಕ್ಕ ಇನ್ನೊಂದು. ಅದರಾಚೆ ಮತ್ತೊಂದು, ಅದಂತೂ ಸಾಸಿವೆಯಷ್ಟು.

ಎದ್ದು ಬಟ್ಟೆ ಸರಿಮಾಡಿಕೊಂಡು, ಓಡಿಹೋಗಿ ಚೌಕಟ್ಟು ತಂದೆ. ಹತ್ತು ಹೆಜ್ಜೆ ಆಚೆ, ಒಣ ಜಾಗದಲ್ಲೇ ಇಟ್ಟೆ, ಆ ಯೋಚನೆ ಬೇಡ. ಎಣಿಸಿದೆ. ಮೂವತ್ನಾಲ್ಕು.

ಈಗ ಅರ್ಥವಾಯಿತಾ? ಧೂಳಲ್ಲ, ಮಳೆಯಲ್ಲ. ನನ್ನ ಬೇಲಿ! ಕುರಿ ಬಾಯಿ ಹಾಕದೆ ಬಿಟ್ಟಲ್ಲಿ ಎತ್ತರದ ಹುಲ್ಲು ಕೊಬ್ಬಿ, ಬಿಸಿಲನ್ನೆಲ್ಲ ತಾನೇ ನುಂಗಿ, ಕೆಳಗಿನ ಪುಟಾಣಿಗಳನ್ನು ಉಸಿರುಗಟ್ಟಿಸಿತು. ಈ ನೆಲವನ್ನು ಕುರಿಯ ಹಲ್ಲೇ ಇಷ್ಟು ಕಾಲ ಕಾಪಾಡಿದ್ದು. ನಾನು ಅದನ್ನೇ ಹೊರಗಟ್ಟಿ, ಎತ್ತರ ನೋಡಿ ಚೆಲುವು ಅಂದೆ. ಆ ಹೂಗಳಿಗೆ ನನ್ನ ಬೇಲಿ ಬೇಕೇ ಇರಲಿಲ್ಲ! ಮೂವತ್ತು ವರ್ಷ ಪಾಠ ಹೇಳಿದ ನನಗೆ ಒಂದು ಸಲ ಬಗ್ಗಿ ಆಚೆ ನೋಡಬೇಕೆಂದು ಹೊಳೆಯಲಿಲ್ಲ. ಮ್ಯಾನೇಜರ ಯಾಕೆ ತುಟಿಪಿಟಕ್ಕೆನ್ನದೆ ತಂತಿ ಕೊಟ್ಟ, ನಿಮ್ಮ ಇಸ್ತ್ರಿ ಯಾಕೆ ನಕ್ಕ, ಈಗ ಗೊತ್ತಾಯಿತು. ಗಾವಲು ತಾನಾಗಿಯೇ ಸಾಯುತ್ತಿದೆ ಎನ್ನಲು ಅವರಿಗೆ ಸಾಕ್ಷಿ ಬೇಕಿತ್ತು. ನಾನೇ ಬೆಳೆಸಿ ಕೊಟ್ಟೆ.

ಹೊರಗಿನ ಎಣಿಕೆಯ ಹಾಳೆಗಳನ್ನು ಇಟ್ಟಿದ್ದೇನೆ, ಪ್ರತಿ ಹಾಳೆಗೂ ನನ್ನ ಸಹಿ ಇದೆ. ಕೋಷ್ಟಕದಲ್ಲಿ ಬೇಲಿಯ ಒಳಗಿನದು ಒಂದು ಕಡೆ, ಹೊರಗಿನದು ಇನ್ನೊಂದು ಕಡೆ, ಎರಡೂ ಇರಲಿ. ಬೇಲಿ ಹಾಕಿಸಿದವಳು ನಾನು ಎಂಬುದನ್ನೂ ಬರಿ, ನನಗೆ ನಾಚಿಕೆಯಿಲ್ಲ. ಇದೆ, ಆದರೂ ಬರಿ.

ಜೋರಮ್ಮನ ಮನೆ ಬಾಗಿಲಿಗೆ ಹೋಗಿ ತಪ್ಪಾಯಿತು ಎಂದೆ. ಅವಳಿಗೂ ಇದು ಗೊತ್ತಿರಲಿಲ್ಲ, ಅವಳ ಸಿಟ್ಟೆಲ್ಲ ಮೇವಿಗೆ. "ಹಂಗಾದ್ರೆ ಕುರಿ ಬಿಡ್ಲಾ?" ಎಂದಳು. ಬಿಡು, ನಾಳೆ ನಾನೇ ತಂತಿ ಕತ್ತರಿಸ್ತೀನಿ ಎಂದೆ.

ಅತ್ತೆ


ಸೆಪ್ಟೆಂಬರ್ ೨೦

ಅತ್ತೆಗೆ,

ಹಾಳೆಗಳು ಬಂದವು. ಜೋಪಾನವಾಗಿ ಇಟ್ಟಿದ್ದೇನೆ.

ಸಾಹೇಬರಿಗೆ ವಿಷಯ ತಿಳಿಸಿದೆ. ಒಪ್ಪಂದದ ಪ್ರಕಾರ ಸಮೀಕ್ಷೆಯ ಜಾಗ ಎಂದರೆ ಬೇಲಿಯೊಳಗಿನ ಜಾಗ ಎಂದರು. ಮುಂದಿನ ತಿಂಗಳು ಪರಿಸರ ಇಲಾಖೆಯ ಕಚೇರಿಯಲ್ಲಿ ಸಭೆ ಇದೆ, ಅಲ್ಲಿ ತೀರ್ಮಾನವಾಗುತ್ತದೆ. ಬೇಲಿಯನ್ನು ಮುಟ್ಟಬೇಡಿ ಅತ್ತೆ, ದಯವಿಟ್ಟು. ಕತ್ತರಿಸಿದರೆ ಅವರಿಗೇ ಅನುಕೂಲ. ಸ್ವಲ್ಪ ದಿನ ಯಾರ ಹತ್ತಿರವೂ ಏನೂ ಮಾತಾಡದೆ ಇರಿ.

ಹೆಚ್ಚು ಬರೆಯಲು ಸಮಯವಿಲ್ಲ.

ನಿಮ್ಮ ಸೊಸೆ


ಸೆಪ್ಟೆಂಬರ್ ೨೯

ನಿನ್ನ ಕಾಗದ ಬರುವ ಮೊದಲೇ ಬೇಲಿ ಕತ್ತರಿಸಿದ್ದೆ. ಬಂದ ಮೇಲೆ, ಉಳಿದಿದ್ದ ಒಂದು ಮೂಲೆಯನ್ನೂ ಕತ್ತರಿಸಿದೆ.

ಸೀಟಿ ಗಂಟಲು ಹರಿಯುವಂತೆ ಊದಿದ. ಮ್ಯಾನೇಜರ ಬಂದು ಯಾರು ಮಾಡಿದ್ದು ಎಂದ. ಜೋರಮ್ಮ ಬಾಯಿ ತೆರೆಯುವ ಮೊದಲು ನಾನೇ ಕೈಯಲ್ಲಿದ್ದ ಇಕ್ಕಳ ತೋರಿಸಿದೆ. "ನಾನು. ನಾನೇ ಕೇಳಿ ಹಾಕಿಸ್ಕೊಂಡಿದ್ದು, ನಾನೇ ತೆಗೆದೆ. ಪೊಲೀಸರನ್ನ ಕರೀತೀರಾ? ಕರೀರಿ. ಅವರಿಗೂ ಹುಲ್ಲು ತೋರಿಸ್ತೀನಿ." ಆತ ಪೊಲೀಸರನ್ನು ಕರೆಯಲಿಲ್ಲ. ಜೀಪಿನಿಂದ ಒಂದು ದಪ್ಪ ಪುಸ್ತಕ ತಂದು ನನ್ನ ಮುಂದೆ ಹಿಡಿದ. ನಿಮ್ಮ ಆಫೀಸಿನ ಕರಡು ವರದಿ. ಹುಲ್ಲುಗಾವಲು ಕ್ಷೀಣಿಸುತ್ತಿದೆ, ಸಂರಕ್ಷಣೆಗೆ ಯೋಗ್ಯವಲ್ಲ. ಇಪ್ಪತ್ತೆರಡು, ಹದಿಮೂರು. ಹೊರಗಿನ ಎಣಿಕೆ ಎಲ್ಲೂ ಇಲ್ಲ. ಕೆಳಗೆ, ಕೋಷ್ಟಕ ಸಿದ್ಧಪಡಿಸಿದವರು ಎಂದು ನಿನ್ನ ಸಹಿ.

ನಿನ್ನ ಸಹಿ ನನಗೆ ಗೊತ್ತಿಲ್ಲವೇ? ಮನೆಯಲ್ಲಿ ಹಾಲಿನವನ ಚೀಟಿಯ ಮೇಲೆ ದಿನಾ ನೋಡುತ್ತಿದ್ದೆ.

"ನಿಮ್ ಸೊಸೆ ತಾನೆ? ಮನೆಯವ್ರೇ ನಿಮ್ಮನ್ನ ನಂಬಿಲ್ಲ" ಎಂದ ಆತ. ಪುಸ್ತಕವನ್ನು ಅವನ ಕೈಗೇ ತುರುಕಿ ಹೊರಟುಬಂದೆ. ಜಗಳದ ನಡುವೆ ನಾನು ಹೊರಟುಬಂದದ್ದು ಹುಟ್ಟಿದಾಗಿನಿಂದ ಇದೇ ಮೊದಲು. ಕನ್ನಡಕ ಕಳಿಸಿದಾಗಲೇ ನಾನು ಅರ್ಥ ಮಾಡಿಕೊಳ್ಳಬೇಕಿತ್ತು. ಆದರೆ ನಾನು ಅಳುವುದಿಲ್ಲ.

ನಾನು ಇಲ್ಲೇ ಇರುತ್ತೇನೆ. ಕಲ್ಲುಮಣ್ಣಿನ ಲಾರಿ ಬಂದ ದಿನ ಬಾವುಟದ ಹತ್ತಿರ ಕುರ್ಚಿ ಹಾಕಿಕೊಂಡು ಕೂರುತ್ತೇನೆ. ನೀನು ನನಗೆ ಇನ್ನು ಬರೆಯಬೇಡ.


ಅಕ್ಟೋಬರ್ ೧೯

ಅತ್ತೆ,

ಬರೆಯಬೇಡ ಎಂದಿದ್ದಿರಿ. ಬರೆಯುತ್ತಿದ್ದೇನೆ. ಹರಿದುಹಾಕಬೇಡಿ, ಕೊನೆಯವರೆಗೆ ಓದಿ ಆಮೇಲೆ ಬೇಕಾದರೆ ಒಲೆಗೆ ಹಾಕಿ.

ಮೊದಲು ಕನ್ನಡಕದ ವಿಷಯ, ಅದು ನನ್ನ ಎದೆಯಲ್ಲಿ ಚುಚ್ಚುತ್ತಲೇ ಇದೆ. ಆಗಸ್ಟಿನಲ್ಲಿ ನಿಮ್ಮ ಅಂಕಿ ಇಳಿದಾಗ ನಾನು ಸಾಹೇಬರಿಗೆ, ಇದು ವಿಚಿತ್ರ, ಇನ್ನೊಂದು ಸಲ ಬೇಲಿಯ ಹೊರಗೂ ನೋಡೋಣ ಎಂದಿದ್ದೆ. ಅವರು, "ಹೊರಗಿಂದು ಬೇಡಮ್ಮಾ. ಅದೇನಾದ್ರೂ ಹೆಚ್ಚು ಬಂದ್ರೆ ಮುದುಕಿಗೆ ಕಣ್ಣು ಕಾಣಲ್ಲ ಅಂದ್ರಾಯ್ತು" ಎಂದರು. ಇಸ್ತ್ರಿ ಮಾಡಿದ ತೋಳು ಸರಿಮಾಡಿಕೊಳ್ಳುತ್ತಾ ಹೇಳಿದರು. ನನಗೆ ಮೈ ಉರಿದುಹೋಯಿತು. ಅವತ್ತೇ ಸಂಜೆ ಕನ್ನಡಕದ ಅಂಗಡಿಗೆ ಹೋದೆ. ನಾಳೆ ಯಾರೂ ಆ ಮಾತು ಆಡಬಾರದು, ಕನ್ನಡಕ ಹಾಕಿಕೊಂಡೇ ಎಣಿಸಿದರು ಎಂದು ಗಣಿಯವರೇ ಸಾಕ್ಷಿ ಹೇಳುವಂತಿರಬೇಕು ಎಂದು. ಕಾರಣ ಬರೆದಿದ್ದರೆ ನೀವು ಮುಂದಿನ ಬಸ್ಸಿಗೇ ಬಂದು ಸಾಹೇಬರ ಕುತ್ತಿಗೆಪಟ್ಟಿ ಹಿಡಿಯುತ್ತಿದ್ದಿರಿ. ಅದಕ್ಕೇ ಬರೆಯಲಿಲ್ಲ.

ಇನ್ನು ಸಹಿ. ಹೌದು, ನನ್ನದೇ. ನೀವು ಕಳಿಸಿದ ಹೊರಗಿನ ಎಣಿಕೆಯನ್ನು ಕರಡಿನಲ್ಲಿ ಸೇರಿಸಿದ್ದೆ. ಸಾಹೇಬರು ನನ್ನೆದುರಿಗೇ ಆ ಪುಟ ತೆಗೆದು, "ಇದಿಲ್ದೆ ಸಹಿ ಹಾಕ್ತೀರಾ, ಬೇರೆಯವ್ರ ಕೈಲಿ ಹಾಕಿಸ್ಲಾ?" ಎಂದರು. ಬೇರೆಯವರು ಹಾಕಿದರೆ ಸಭೆಗೆ ಹೋಗುವವರೂ ಬೇರೆಯವರೇ. ಕೋಷ್ಟಕ ಮಾಡಿದವರೇ ಅಧಿಕಾರಿಯ ಮುಂದೆ ಅದನ್ನು ಓದಿ ವಿವರಿಸಬೇಕು ಎಂಬುದು ಅಲ್ಲಿನ ಪದ್ಧತಿ. ಸಹಿ ಹಾಕಿದೆ. ನಿಮಗೆ ಹೇಳೋಣವೆಂದರೆ, ಅತ್ತೆ, ನಿಮ್ಮ ಬಾಯಿ ನನಗೆ ಗೊತ್ತು. ಗೇಟಿನ ಹತ್ತಿರ ನಿಂತು ಫೋನಿನಲ್ಲಿ ಕೂಗುತ್ತಿದ್ದಿರಿ, ಸೀಟಿ ಅದನ್ನು ಇಡೀ ಗಣಿಗೆ ಊದುತ್ತಿದ್ದ. ಬರೆಯಬೇಡ ಎಂದ ನಿಮ್ಮ ಕಾಗದ ಓದಿ ಬಚ್ಚಲುಮನೆಯಲ್ಲಿ ಕೂತು ಅತ್ತುಬಿಟ್ಟೆ. ಆದರೂ ತಡೆದುಕೊಂಡೆ.

ಸಭೆ ನಿನ್ನೆ ಆಯಿತು. ಉದ್ದನೆಯ ಮೇಜು, ಎಲ್ಲರ ಮುಂದೆ ನೀರಿನ ಬಾಟಲಿ. ಅಧಿಕಾರಿ ಒಬ್ಬ ಹೆಂಗಸು, ನಿಮ್ಮಷ್ಟೇ ವಯಸ್ಸು, ಕೆಮ್ಮುತ್ತಿದ್ದರು. ನಿಮ್ಮ ಮ್ಯಾನೇಜರರೂ ಇದ್ದರು. ಸಾಹೇಬರು ಭಾಷಣ ಮುಗಿಸಿ ನನಗೆ ಸನ್ನೆ ಮಾಡಿದರು. ಎದ್ದು ನಿಂತೆ. ಬೇಲಿಯೊಳಗಿನ ಅಂಕಿ ಓದಿದೆ, ಇಪ್ಪತ್ತೆರಡು, ಹದಿಮೂರು. ಸಾಹೇಬರು ಕೂರಿ ಎಂದು ಕೈ ಮಾಡಿದರು. ಕೂರಲಿಲ್ಲ. "ಇನ್ನೊಂದು ಪುಟ ಇದೆ" ಎಂದೆ. ಚೀಲದಿಂದ ನಿಮ್ಮ ಹಾಳೆಗಳನ್ನು, ಮಣ್ಣಿನ ಬೆರಳಚ್ಚಿದ್ದವನ್ನೇ, ತೆಗೆದು ಅಧಿಕಾರಿಯ ಮುಂದಿಟ್ಟೆ. ಬೇಲಿ ಹಾಕುವ ಮೊದಲು ಮೂವತ್ತೊಂದು, ಈಗ ಬೇಲಿಯ ಹೊರಗೆ ಮೂವತ್ನಾಲ್ಕು. ಗಾವಲು ತಾನಾಗಿ ಸಾಯುತ್ತಿಲ್ಲ, ಬೇಲಿ ಹಾಕಿದ್ದಕ್ಕೇ ಗಿಡಗಳು ಸತ್ತವು, ಬೇಲಿ ಹಾಕಿಸಿದ್ದು ನಮ್ಮವರೇ, ಅದೂ ಆ ಹಾಳೆಯಲ್ಲಿ ಬರೆದಿದೆ ಎಂದೆ.

ಮ್ಯಾನೇಜರರು ಜೋರಾಗಿ ನಕ್ಕರು. "ಮೇಡಂ, ಆ ಎಣಿಕೆ ಮಾಡಿದ್ದು ಒಬ್ಬ ಅಜ್ಜಿ. ಬೇಲಿ ಕತ್ತರಿಸ್ಕೊಂಡು ಓಡಾಡ್ತಾರೆ. ಅವರಿಗೆ ಕಣ್ಣಾದ್ರೂ ನೆಟ್ಟಗೆ ಕಾಣುತ್ತಾ ಕೇಳಿ."

ಆಗ ನನಗೆ ಏನಾಯಿತೋ ಅತ್ತೆ, ಗೊತ್ತಿಲ್ಲ. ಮೇಜು ಕುಟ್ಟಿದೆ. ನಾನು! "ಕಣ್ಣು ಕಾಣದೇ ಇದ್ರೆ ಗಿಡ ಕಡಿಮೆ ಸಿಗಬೇಕು ಸ್ವಾಮಿ, ಹೆಚ್ಚು ಹೇಗೆ ಸಿಗುತ್ತೆ? ಹದಿಮೂರು ಅಂದಾಗ ಅದೇ ಕಣ್ಣು ನಿಮಗೆ ಚೆನ್ನಾಗಿತ್ತು, ಮೂವತ್ನಾಲ್ಕು ಅಂದ ತಕ್ಷಣ ಪೊರೆ ಬಂತಾ? ಅವರು ನಮ್ಮ ಅತ್ತೆ. ನನ್ನ ಸೀರೆಯಲ್ಲಿ ಒಂದು ಎಳೆ ಹರಿದಿದ್ರೂ ಅವರಿಗೆ ಕಾಣುತ್ತೆ. ನಂಬಿಕೆ ಇಲ್ದಿದ್ರೆ ಹೋಗಿ, ಬಗ್ಗಿ, ನೀವೇ ಎಣಿಸಿ!"

ಅಧಿಕಾರಿ ಕೆಮ್ಮುತ್ತಾ ಹಾಳೆ ತಿರುಗಿಸಿದರು. ಆಮೇಲೆ, "ಸರಿ, ಹೋಗಿ ನಾನೇ ನೋಡ್ತೀನಿ" ಎಂದರು. ಮುಂದಿನ ವಾರ ಅಲ್ಲಿಗೆ ಬರುತ್ತಾರೆ.

ಸಾಹೇಬರು ಮೆಟ್ಟಿಲ ಮೇಲೇ ನನ್ನನ್ನು ಕೆಲಸದಿಂದ ತೆಗೆದರು. ಮನೆಗೆ ಬಂದು ಹಲ್ಲು ಡಾಕ್ಟರಿಗೆ ಹೇಳಿದೆ. ಅವರು, "ಮನೇಲಿ ಒಬ್ಬಳೇ ಅಮ್ಮ ಇದ್ದಳು, ಈಗ ಇಬ್ಬರಾದ್ರಾ?" ಎಂದರು.

ಕನ್ನಡಕ ಮತ್ತೆ ಕಳಿಸುತ್ತಿದ್ದೇನೆ. ಈ ಸಲ ವಾಪಸು ಬಂದರೆ ನಾನೇ ಬಂದು ನಿಮ್ಮ ಮೂಗಿನ ಮೇಲೆ ಕೂರಿಸುತ್ತೇನೆ.

ನಿಮ್ಮ ಸೊಸೆ


ಅಕ್ಟೋಬರ್ ೩೧

ನನ್ನ ಸೊಸೆಯೇ,

ನಿನ್ನ ಕಾಗದವನ್ನು ಜೋರಮ್ಮನಿಗೆ ಓದಿ ಹೇಳಿದೆ. ಮೇಜು ಕುಟ್ಟಿದ ಜಾಗವನ್ನು ಎರಡು ಸಲ ಓದಿಸಿದಳು. "ಸೊಸೆ ಅಂದ್ರೆ ಹಿಂಗಿರ್ಬೇಕು, ನಂದೂ ಐತೆ, ಬಾಯಲ್ಲಿ ಬೆರಳಿಟ್ರೂ ಕಚ್ಚಲ್ಲ" ಎಂದಳು. ನಾನು ಅತ್ತೆ. ಅಳುವುದಿಲ್ಲ ಎಂದಿದ್ದೆ, ಅತ್ತೆ. ನಿನಗೆ ಏನೇನೋ ಬರೆದುಬಿಟ್ಟೆ. ಬರೆಯಬೇಡ ಎಂದಿದ್ದ ಆ ಕಾಗದವನ್ನು ನೀನೇ ಒಲೆಗೆ ಹಾಕು.

ಈಗ ಕೇಳು. ಅಧಿಕಾರಿ ಮೊನ್ನೆ ಬಂದರು. ಮ್ಯಾನೇಜರ, ಇಸ್ತ್ರಿ, ಸೀಟಿ, ಎಲ್ಲರೂ ಕೆಂಪು ಬಾವುಟದ ಹತ್ತಿರ ಸಾಲಾಗಿ ನಿಂತಿದ್ದರು. ಇಸ್ತ್ರಿಯ ಬೂಟಿಗೆ ಕುರಿ ಹಿಕ್ಕೆ ಮೆತ್ತಿತ್ತು, ನಾನು ಹೇಳಲಿಲ್ಲ. ಮೂವತ್ನಾಲ್ಕು ಸಿಕ್ಕಿದ್ದ ಜಾಗದಲ್ಲೇ, ಆ ಬಂಡೆಯ ಆಚೆ, ಮತ್ತೆ ಚೌಕಟ್ಟು ಇಟ್ಟೆ. ಅಧಿಕಾರಿ ನಿಂತೇ ನೋಡುತ್ತಿದ್ದರು. "ನಿಂತ್ರೆ ಏನೂ ಕಾಣಲ್ಲ, ಕೂತ್ಕೊಳ್ಳಿ" ಎಂದೆ. ಕೂತರು! ಸೆರಗು ಸಿಕ್ಕಿಸಿಕೊಂಡು, ನನ್ನ ಪಕ್ಕದಲ್ಲೇ. ಒಂದೊಂದನ್ನೇ ಬೆರಳಿಟ್ಟು ತೋರಿಸುತ್ತಾ ಹೋದೆ, ಅವರೂ ಜೊತೆಗೇ ಎಣಿಸಿದರು.

ನಿನಗೆ ಒಂದು ವಿಷಯ ಹೇಳಬೇಕು. ಹೋದ ವರ್ಷದಿಂದಲೇ ನನಗೆ ಹತ್ತಿರದ್ದು ಮಂಜು ಮಂಜು. ಯಾರಿಗೂ ಹೇಳಿರಲಿಲ್ಲ. ಹೇಳಿದ್ದರೆ ಈ ಕೆಲಸ ಯಾರು ಕೊಡುತ್ತಿದ್ದರು? ಅದಕ್ಕೇ ನೀನು ಕನ್ನಡಕ ಕಳಿಸಿದಾಗ ಅಷ್ಟು ಉರಿದುಬಿದ್ದದ್ದು. ಮೊನ್ನೆ ಅದನ್ನು ಹಾಕಿಕೊಂಡೇ ಹೋಗಿದ್ದೆ.

ಎಣಿಸುವುದು ಮುಗಿಯಿತು. ಮ್ಯಾನೇಜರ ಅಧಿಕಾರಿಯ ಕಿವಿಯ ಹತ್ತಿರ ಬಗ್ಗಿದ, ಆದರೆ ನನಗೂ ಕೇಳಿಸುವಷ್ಟು ಜೋರಾಗಿ, "ಮೇಡಂ, ಆ ಮೂವತ್ನಾಲ್ಕು ಅನ್ನೋದು ತಪ್ಪು ಲೆಕ್ಕ, ಅವರನ್ನೇ ಕೇಳಿ ಬೇಕಾದ್ರೆ" ಎಂದ.

ಅಧಿಕಾರಿ ನನ್ನ ಕಡೆ ತಿರುಗಿದರು. "ಹೌದು ಮೇಡಂ, ತಪ್ಪು ಲೆಕ್ಕ" ಎಂದೆ. ಇಸ್ತ್ರಿಯ ಮುಖ ಅರಳಿತು. ಜೋರಮ್ಮ ಹಿಂದಿನಿಂದ ಅಯ್ಯೋ ಎಂದಳು. ನಾನು ಕನ್ನಡಕ ತೆಗೆದು, ಸೆರಗಿನಲ್ಲಿ ಒರೆಸಿ, ಮತ್ತೆ ಹಾಕಿಕೊಂಡೆ.

"ಮೂರು ಬಿಟ್ಟುಹೋಗಿತ್ತು. ಆಗ ಕನ್ನಡಕ ಇರ್ಲಿಲ್ಲ. ಈಗ ಮೂವತ್ತೇಳು. ಬೇಕಾದ್ರೆ ಇನ್ನೊಂದ್ಸಲ ಎಣಿಸೋಣ, ನಂಗೇನೂ ಅವಸರ ಇಲ್ಲ."

"ನಂದೂ ಮೂವತ್ತೇಳೇ" ಎಂದರು ಅಧಿಕಾರಿ, ನೆಲದಿಂದ ಏಳದೆಯೇ.

ಆದೇಶ ಇಂದು ಬಂತು. ಕುರಿ ಮೇಯುತ್ತಿರುವಾಗಲೇ ಪೂರ್ತಿ ಒಂದು ವರ್ಷ ಹೊಸ ಸಮೀಕ್ಷೆ ಆಗಬೇಕು, ಅಲ್ಲಿಯವರೆಗೆ ಇಲ್ಲಿ ಒಂದು ಬುಟ್ಟಿ ಮಣ್ಣೂ ಬೀಳಕೂಡದು. ಮ್ಯಾನೇಜರ, ಮುಂದಿನ ವರ್ಷ ನೋಡ್ಕೋತೀನಿ ಎಂದು ಹೇಳಿ ಕಳಿಸಿದ್ದಾನೆ. ನೋಡ್ಕೊಳ್ಳಲಿ, ನಾವೂ ಇಲ್ಲೇ ಇರುತ್ತೇವೆ. ಬೇಲಿಯ ತಂತಿಯಿಂದ ಜೋರಮ್ಮ ಕುರಿದೊಡ್ಡಿ ರಿಪೇರಿ ಮಾಡಿಕೊಂಡಳು. ಕೆಂಪು ಬಾವುಟಗಳು ಕಾಣುತ್ತಿಲ್ಲ. ಕುರಿ ತಿಂದಿರಬೇಕು ಎಂದು ಸೀಟಿಗೆ ಹೇಳಿದ್ದೇನೆ.

ಹೊಸ ಸಮೀಕ್ಷೆಗೆ ಅಧಿಕಾರಿ ಇಬ್ಬರನ್ನು ಕೇಳಿದ್ದಾರೆ, ಒಬ್ಬರು ಎಣಿಸಲು, ಒಬ್ಬರು ಬರೆಯಲು. ನಾನು ಎರಡು ಹೆಸರು ಕೊಟ್ಟೆ. ನಿನ್ನನ್ನು ಕೇಳಲಿಲ್ಲ, ಕೇಳುವುದೂ ಇಲ್ಲ. ಹಲ್ಲು ಡಾಕ್ಟರಿಗೆ ಅಡುಗೆ ಕಲಿಯಲು ಹೇಳಿ, ಶನಿವಾರದ ಬಸ್ಸಿಗೆ ಬಾ. ಹಳೇ ಸೀರೆ ತಾ, ಮಂಡಿ ಊರಬೇಕು.

ನಿನ್ನ ಅತ್ತೆ